ಬೆಂಡು ಅಲುಗಾಡದಿದ್ದರೆ: ಕೆರೆಯಲ್ಲಿ ಗಾಳಕ್ಕೆ ಮೀನು ಕರೆಯುವವರಿಗೆ ದೋಷ ನಿವಾರಣೆ ಕೈಪಿಡಿ

ಭಾನುವಾರ ಬೆಳಗ್ಗೆ ತುಮಕೂರು ಸುತ್ತಮುತ್ತಲ ಯಾವ ಕೆರೆ ಏರಿಗೆ ಹೋದರೂ ಗಾಳ ಹಾಕಿಕೊಂಡು ಕೂತವರು ನಾಲ್ಕು ಜನ ಸಿಗುತ್ತಾರೆ. ಒಬ್ಬರಿಗೆ ಮೀನು ಬೀಳುತ್ತಿರುತ್ತದೆ. ಮಿಕ್ಕವರು "ಎರೆ ಏನಣ್ಣ ಕಟ್ಟಿರೋದು?" ಅಂತ ಅವರನ್ನು ವಿಚಾರಿಸುತ್ತಿರುತ್ತಾರೆ. ಎರೆ ಅಂದರೆ ಗಾಳಕ್ಕೆ ಚುಚ್ಚುವ ತಿನಿಸು, ಮೇವು ಅಂದರೆ ಮೀನು ಕರೆಯಲು ನೀರಿಗೆ ಚೆಲ್ಲುವುದು. ಎಷ್ಟು ಆಳಕ್ಕೆ ಬಿಟ್ಟಿದ್ದೀರಿ, ಮೇವು ಎಷ್ಟು ಚೆಲ್ಲಿದಿರಿ, ಯಾವಾಗ ಚೆಲ್ಲಿದಿರಿ ಅಂತ ಯಾರೂ ಕೇಳುವುದಿಲ್ಲ. ಈ ಮೂರು ಸರಿಯಿದ್ದರೆ ರಾತ್ರಿ ಮಿಕ್ಕ ರಾಗಿಮುದ್ದೆಗೂ ಮೀನು ಬರುತ್ತದೆ. ಸರಿಯಿಲ್ಲದಿದ್ದರೆ ಅಂಗಡಿಯಿಂದ ತಂದ ಸುವಾಸನೆಯ ಎರೆ ಕೂಡ ನೀರಿನಲ್ಲಿ ಹೋಮ.

ದಡದಲ್ಲೇ ಕೂತು, ಒಂದು ಜಾಗಕ್ಕೆ ಮೀನು ಕರೆದು, ಬೆಂಡು (ನೀರಿನ ಮೇಲೆ ತೇಲುತ್ತ ಮೀನು ಕಚ್ಚಿದ್ದನ್ನು ತೋರಿಸುವ ತೇಲುಕಡ್ಡಿ) ಕಟ್ಟಿದ ಗಾಳದಲ್ಲಿ ಹಿಡಿಯುವವರಿಗೆ ಈ ಬರಹ. ನಿಮ್ಮ ಕಣ್ಣಿಗೆ ಬಿದ್ದ ಲಕ್ಷಣ ಯಾವುದೋ ಆ ಭಾಗಕ್ಕೆ ನೇರ ಹೋಗಿ. ದುಡ್ಡು ಖರ್ಚಿಲ್ಲದ ಪರೀಕ್ಷೆ ಮೊದಲು, ತ್ರಾಸಿನದು ಆಮೇಲೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಆಳ, ಎರೆ, ಜಾಗ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಮೀನು ಸಿಕ್ಕರೂ ಯಾವುದರಿಂದ ಸಿಕ್ಕಿತು ಅನ್ನೋದು ತಿಳಿಯುವುದಿಲ್ಲ.

ಗಾಳ ಬಿಚ್ಚುವ ಮುಂಚೆ

ನಮ್ಮ ಕಡೆ ಬಹುಪಾಲು ಕೆರೆಗಳ ಮೀನಿನ ಹಕ್ಕು ಗುತ್ತಿಗೆಯಲ್ಲಿರುತ್ತದೆ. ಕಾಟ್ಲಾ, ರೋಹು, ಮೃಗಾಲ್, ಗೆಂಡೆ ಮರಿಗಳನ್ನು ದುಡ್ಡು ಕೊಟ್ಟು ತಂದು ಬಿಟ್ಟವರು ಗುತ್ತಿಗೆದಾರರು ಅಥವಾ ಮೀನುಗಾರರ ಸಹಕಾರ ಸಂಘದವರು. ಅವರನ್ನು ಒಂದು ಮಾತು ಕೇಳಿ. ಗುತ್ತಿಗೆ ಯಾರದು ಅಂತ ಗೊತ್ತಿಲ್ಲದಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ಅಥವಾ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಹೇಳುತ್ತಾರೆ. ಜಲಾಶಯಗಳಿಗೆ ಇಲಾಖೆಯ ಪರವಾನಗಿ ಬೇಕಾಗುತ್ತದೆ. ಮೀನು ಮೊಟ್ಟೆ ಇಡುವ ಮಳೆಗಾಲದ ಶುರುವಿನಲ್ಲಿ ಹಿಡಿಯಲು ಬಿಡುತ್ತಾರೋ ಇಲ್ಲವೋ ಅಂತಲೂ ಅಲ್ಲೇ ಕೇಳಿಕೊಳ್ಳಿ. ಬುಗುಡನಹಳ್ಳಿಯಂಥ ಕುಡಿಯುವ ನೀರಿನ ಕೆರೆಗೆ ಹಿಂಡಿ, ತೌಡು ಚೆಲ್ಲುವ ಯೋಚನೆಯನ್ನೇ ಬಿಡಿ. ಆ ನೀರು ಊರಿನ ನಲ್ಲಿಗೆ ಹೋಗುತ್ತದೆ.

ಲಕ್ಷಣ: ಗಂಟೆ ಕಳೆದರೂ ಬೆಂಡು ಕದಲಲಿಲ್ಲ

ಮೊದಲು ಆಳ ನೋಡಿ. ಇದಕ್ಕೆ ಬೇಕಾದದ್ದು ಹಳೇ ನಟ್ಟು ಒಂದು, ಅಷ್ಟೆ. ಗಾಳದ ತುದಿಗೆ ನಟ್ಟನ್ನು ಸಿಕ್ಕಿಸಿ, ಮೇವು ಹಾಕುವ ಜಾಗಕ್ಕೇ ಬಿಡಿ. ಬೆಂಡು ಪೂರ್ತಿ ಮುಳುಗಿದರೆ ದಾರ ಗಿಡ್ಡ, ಬೆಂಡನ್ನು ಮೇಲಕ್ಕೆ ಸರಿಸಿ. ಬೆಂಡು ಅಡ್ಡ ಮಲಗಿದರೆ ದಾರ ಉದ್ದ, ಕೆಳಕ್ಕೆ ಇಳಿಸಿ. ಬೆಂಡಿನ ತುದಿ ಮಾತ್ರ ನೀರಿನ ಮೇಲೆ ನೆಟ್ಟಗೆ ನಿಂತಿತೋ, ಗಾಳ ಸರಿಯಾಗಿ ತಳದಲ್ಲಿದೆ ಅಂತ ಅರ್ಥ. ಅಲ್ಲಿ ದಾರಕ್ಕೊಂದು ಗುರುತು ಮಾಡಿಕೊಳ್ಳಿ. ಎಡಕ್ಕೊಂದು ಮಾರು, ಬಲಕ್ಕೊಂದು ಮಾರು ಇದೇ ರೀತಿ ಅಳೆದರೆ ತಳ ಎಲ್ಲಿ ತಗ್ಗು, ಎಲ್ಲಿ ದಿಣ್ಣೆ ಅನ್ನೋದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಹೂಳೆತ್ತಿದ ಕೆರೆಗಳಲ್ಲಂತೂ ಎರಡು ಹೆಜ್ಜೆಯ ಅಂತರದಲ್ಲಿ ಮೊಣಕಾಲುದ್ದದ ನೀರು ಆಳು ಮುಳುಗುವಷ್ಟಾಗಿರುತ್ತದೆ.

ಆಳಕ್ಕೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣ ಮೀನಿನ ಬಾಯಿ. ಕಾಟ್ಲಾದ ಬಾಯಿ ಮೇಲ್ಮುಖ, ಅದು ನೀರಿನ ಮೇಲ್ಪದರದಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಮೀನು. ರೋಹು ನಡುನೀರಿನದು. ಮೃಗಾಲ್ ಮತ್ತು ಗೆಂಡೆ ತಳ ಕೆದಕುವ ಜಾತಿ. ಮರಿ ಬಿಡುವವರು ಈ ಮೂರು ಥರದವನ್ನೂ ಒಟ್ಟಿಗೆ ಬಿಡುವುದೇ ಒಂದರ ಮೇವಿಗೆ ಇನ್ನೊಂದು ಬಾಯಿ ಹಾಕದಿರಲಿ ಅಂತ. ತಳದಲ್ಲಿ ಕೂತ ಮುದ್ದೆಯನ್ನು ಕಾಟ್ಲಾ ಹುಡುಕಿಕೊಂಡು ಬರುವುದು ಅಪರೂಪ. ಅರ್ಧ ಗಂಟೆ ತಳಕ್ಕೆ ತಾಕಿಸಿ ನೋಡಿ. ಏನೂ ಇಲ್ಲದಿದ್ದರೆ ಒಂದು ಮೊಳ ಮೇಲೆತ್ತಿ. ಆಮೇಲೆ ನಡುನೀರು.

ಆಳ ಸರಿಯಿದ್ದೂ ಬೆಂಡು ಸತ್ತಂತಿದ್ದರೆ ಜಾಗ ನೋಡಿ. ನೀರಿನ ಮೇಲೆ ಗುಳ್ಳೆ ಏಳುತ್ತಿದೆಯೇ? ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದು, ಆ ಸಾಲು ನಿಧಾನಕ್ಕೆ ಮುಂದೆ ಸರಿಯುತ್ತಿದ್ದರೆ ಕೆಳಗೆ ಗೆಂಡೆ ಕೆಸರು ಕೆದಕುತ್ತಿದೆ. ಅದರ ದಾರಿಗೆ ಒಂದು ಮಾರು ಮುಂದೆ ಗಾಳ ಬಿಡಿ. ದಪ್ಪ ಗುಳ್ಳೆ ಒಂದೇ ಜಾಗದಲ್ಲಿ ಆಗಾಗ ಬುಳಕ್ ಎನ್ನುತ್ತಿದ್ದರೆ ಅದು ಕೊಳೆತ ಹೂಳಿನ ಗಾಳಿ, ಅಲ್ಲಿ ಕೂತು ಪ್ರಯೋಜನವಿಲ್ಲ. ಜೊಂಡಿನ ಕಡ್ಡಿಗಳು ಗಾಳಿಯಿಲ್ಲದೆಯೂ ಅಲುಗಾಡಿದರೆ ಬುಡದಲ್ಲಿ ಮೀನಿದೆ. ಅಂಚಿನ ತೆಳುನೀರಿನಲ್ಲಿ ತಟ್ಟೆಯಗಲದ ದುಂಡು ಕುಳಿಗಳು ಕಂಡರೆ ಜಿಲೇಬಿ ಮೀನು (ತಿಲಾಪಿಯಾ) ಗೂಡು ಮಾಡಿಕೊಂಡಿದೆ.

ಹೊಸಬರು ಸೀದಾ ಏರಿ ಮೇಲೆ ಹೋಗಿ ತೂಬಿನ ಹತ್ತಿರ ಕೂರುತ್ತಾರೆ. ಅಲ್ಲಿ ನೀರೇನೋ ಆಳ. ಆದರೆ ಬೆಳಗಿನ ಹೊತ್ತು ಮೇಯಲು ಮೀನು ಬರುವುದು ಬಹುಮಟ್ಟಿಗೆ ಕೆರೆಯಂಗಳದ ಕಡೆ, ಹಳ್ಳ ಬಂದು ಸೇರುವಲ್ಲಿ, ಜೊಂಡಿನ ಅಂಚಿನಲ್ಲಿ. ಬಿಸಿಲೇರಿದ ಮೇಲೆ ಆಳಕ್ಕೆ ಸರಿಯುತ್ತದೆ. ಹಾಗಾಗಿ ಬೆಳಗ್ಗೆ ಅಂಗಳ, ಮಧ್ಯಾಹ್ನ ಏರಿ.

ಇನ್ನು ಸದ್ದು. ಗೆಂಡೆ ಜಾತಿಯ ಮೀನುಗಳಿಗೂ ಕ್ಯಾಟ್‌ಫಿಶ್ ಜಾತಿಗೂ ಈಜುಚೀಲದಿಂದ ಒಳಕಿವಿಗೆ ಸದ್ದು ಒಯ್ಯುವ ಪುಟ್ಟ ಮೂಳೆಗಳ ಸಾಲೊಂದಿರುತ್ತದೆ, ಅದಕ್ಕೇ ಅವುಗಳ ಕಿವಿ ಚುರುಕು. ನೀವು ಮಾತಾಡಿದ್ದು ಅವಕ್ಕೆ ಹೆಚ್ಚು ಕೇಳಿಸದು. ಗಟ್ಟಿ ದಡದ ಮೇಲೆ ಹೆಜ್ಜೆ ಅಪ್ಪಳಿಸಿದ್ದು, ಬಕೆಟ್ ಕುಕ್ಕಿದ್ದು ಮಾತ್ರ ಚೆನ್ನಾಗಿ ಮುಟ್ಟುತ್ತದೆ. ಸೂರ್ಯ ಬೆನ್ನ ಹಿಂದಿದ್ದರೆ ನಿಮ್ಮ ನೆರಳು ಮೇವಿನ ಮೇಲೆ ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಕೂತುಬಿಡಿ, ಇಲ್ಲವೇ ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ.

ಇಷ್ಟೆಲ್ಲ ಆದ ಮೇಲೆ, ಇನ್ನೂ ಏನೂ ಇಲ್ಲ ಅಂದರೆ ಆಗ ಎರೆ ಬದಲಿಸಿ. ಮುದ್ದೆಯಿದ್ದರೆ ಎರೆಹುಳು, ಎರೆಹುಳುವಿದ್ದರೆ ಬೇಯಿಸಿದ ಮುಸುಕಿನ ಜೋಳದ ಕಾಳು. ಕೈಗೆ ಸೋಪು, ಬೀಡಿ, ಪೆಟ್ರೋಲು, ಸೊಳ್ಳೆ ಮುಲಾಮಿನ ವಾಸನೆ ಇದ್ದರೆ ಕೆರೆ ಮಣ್ಣಲ್ಲೇ ಉಜ್ಜಿ ತೊಳೆದುಕೊಂಡು ಎರೆ ಮುಟ್ಟಿ.

ಲಕ್ಷಣ: ಮೇವು ಚೆಲ್ಲಿಯೂ ಮೀನು ಸೇರಲಿಲ್ಲ, ಅಥವಾ ಸೇರಿದ್ದು ಚದುರಿಹೋಯಿತು

ನಮ್ಮವರ ದೊಡ್ಡ ದೋಷ ಜಾಸ್ತಿ ಹಾಕುವುದು. ಒಂದು ಸೇರು ಹಿಂಡಿ ಒಟ್ಟಿಗೆ ಸುರಿದು, ಅದರ ನಡುವೆ ಕಡಲೆಕಾಳಿನಷ್ಟು ಎರೆ ಕಟ್ಟಿ ಬಿಟ್ಟರೆ ಮೀನು ಬಿಟ್ಟಿ ಊಟ ಬಿಟ್ಟು ನಿಮ್ಮ ಗಾಳವನ್ನೇ ಯಾಕೆ ಹುಡುಕಬೇಕು? ಮೇವಿನ ಕೆಲಸ ಹೊಟ್ಟೆ ತುಂಬಿಸುವುದಲ್ಲ. ವಾಸನೆ ಹಬ್ಬಿಸಿ ಕರೆದು, ಹುಡುಕಾಡುತ್ತ ಅಲ್ಲೇ ಸುತ್ತುವಂತೆ ಮಾಡುವುದು.

ಖರ್ಚಿಲ್ಲದ ಮೇವು ಹೀಗೆ: ಪುಡಿ ಮಾಡಿ ರಾತ್ರಿ ನೆನೆಸಿದ ಕಡಲೆಕಾಯಿ ಹಿಂಡಿ ಎರಡು ಹಿಡಿ, ಅಕ್ಕಿ ತೌಡು ನಾಲ್ಕು ಹಿಡಿ, ಅಂಟಿಗೆ ರಾಗಿಹಿಟ್ಟು ಒಂದು ಹಿಡಿ. ಪಾವಗಡ, ಶಿರಾ ಕಡೆಯವರಿಗೆ ಗಾಣದ ಹಿಂಡಿ ಮನೆ ಬಾಗಿಲಲ್ಲೇ ಸಿಗುತ್ತದೆ. ಬೂಷ್ಟು ಹಿಡಿದು ಕಪ್ಪಾದ ಹಿಂಡಿ ಬೇಡ.

ಕೆರೆಗೆ ಹಾಕುವ ಮೊದಲು ಬಕೆಟ್ಟಿನಲ್ಲಿ ನೋಡಿ. ಬಕೆಟ್ ತುಂಬ ಕೆರೆ ನೀರು ತೆಗೆದುಕೊಂಡು, ನಿಂಬೆಹಣ್ಣಿನ ಗಾತ್ರದ ಉಂಡೆಯೊಂದನ್ನು ಮೆಲ್ಲಗೆ ಬಿಡಿ. ಉಂಡೆ ಒಡೆಯದೆ ತಳ ಸೇರಬೇಕು. ಸೇರಿದ ಮೇಲೆ ಮೈಯೆಲ್ಲ ಸಣ್ಣ ಸಣ್ಣ ಗುಳ್ಳೆ ಬಿಡುತ್ತ ತೌಡಿನ ಚೂರು ಒಂದೊಂದಾಗಿ ಮೇಲೇಳಬೇಕು. ಐದಾರು ನಿಮಿಷಕ್ಕೆ ಉಂಡೆ ಕುಸಿದು ಗುಡ್ಡೆಯಾಗಬೇಕು. ನೀರಿಗೆ ಬಿದ್ದ ಕೂಡಲೇ ಚದುರಿದರೆ ನೀರು ಜಾಸ್ತಿಯಾಗಿದೆ ಅಥವಾ ರಾಗಿಹಿಟ್ಟು ಸಾಲದು. ಅಂಥ ಮೇವು ಕೆರೆಯಲ್ಲಿ ಮೇಲ್ಪದರದಲ್ಲೇ ಕರಗಿ ಪುಡಿ ಮೀನುಗಳನ್ನು ಮಾತ್ರ ಕರೆಯುತ್ತದೆ. ಹದಿನೈದು ನಿಮಿಷವಾದರೂ ಉಂಡೆ ಕಲ್ಲಿನಂತೆ ಕೂತಿದ್ದರೆ ನಾದಿದ್ದು ಹೆಚ್ಚಾಯಿತು, ತೌಡು ಸೇರಿಸಿ ಸಡಿಲ ಮಾಡಿ. ಆಳದ ನೀರಿಗೆ ಉಂಡೆ ಸ್ವಲ್ಪ ಗಟ್ಟಿ ಇರಲಿ. ಹರಿವಿರುವ ಕಡೆ ಅದೇ ಕೆರೆಯ ಜಿಗಟು ಮಣ್ಣು ಒಂದು ಹಿಡಿ ಬೆರೆಸಿ.

ಶುರುವಿಗೆ ಮೂಸಂಬಿ ಗಾತ್ರದ್ದು ಎರಡು ಮೂರು ಉಂಡೆ ಸಾಕು. ಅಳೆದು ಗುರುತು ಮಾಡಿದ ಜಾಗಕ್ಕೇ ಬೀಳಲಿ. ಎದುರು ದಡದ ತೆಂಗಿನಮರವನ್ನೋ ಕರೆಂಟು ಕಂಬವನ್ನೋ ಗುರಿ ಇಟ್ಟುಕೊಂಡರೆ ಪ್ರತಿ ಸಲ ಕೈ ಅಲ್ಲಿಗೇ ಹೋಗುತ್ತದೆ. ಆಮೇಲೆ ಅರ್ಧ ಗಂಟೆ ತೆಪ್ಪಗಿರಿ. ಬೆಂಡು ಮಿಡುಕಲು ಶುರುವಾದ ಮೇಲೆ ಹತ್ತು ಹದಿನೈದು ನಿಮಿಷಕ್ಕೊಂದು ಪುಟ್ಟ ಉಂಡೆ. ಮಿಡುಕುತ್ತಿದ್ದದ್ದು ದಿಢೀರನೆ ನಿಂತರೆ ಇನ್ನಷ್ಟು ಸುರಿಯಬೇಡಿ. ದೊಡ್ಡ ಮೀನು ಬಂದು ಸಣ್ಣವು ಜಾಗ ಬಿಟ್ಟಿರಬಹುದು, ಗಾಳದಿಂದ ತಪ್ಪಿಸಿಕೊಂಡ ಮೀನೊಂದು ಹಿಂಡನ್ನೇ ಬೆದರಿಸಿರಬಹುದು. ಎರಡಕ್ಕೂ ಕಾಯುವುದೊಂದೇ ಮದ್ದು.

ಕೆಳಗೆ ತಿನ್ನದೆ ಮಿಕ್ಕ ಮೇವು ಕೊಳೆಯುತ್ತದೆ, ಕೊಳೆಯುವಾಗ ಸುತ್ತಲ ನೀರಿನ ಆಮ್ಲಜನಕ ಎಳೆದುಕೊಳ್ಳುತ್ತದೆ. ಶನಿವಾರ ಬಕೆಟ್‌ಗಟ್ಟಲೆ ಸುರಿದ ಜಾಗದಲ್ಲಿ ಭಾನುವಾರ ಒಂದು ಮೀನೂ ಸುಳಿಯದಿದ್ದರೆ ಆಶ್ಚರ್ಯವಿಲ್ಲ. ಆ ಜಾಗ ಬಿಟ್ಟು ಇಪ್ಪತ್ತು ಮಾರು ಆಚೆ ಹೋಗಿ.

ಎಚ್ಚರಿಕೆ: ಹಿಂಡಿ ಅಂತ ಕಂಡದ್ದನ್ನೆಲ್ಲ ನೀರಿಗೆ ಹಾಕಬೇಡಿ. ಹಿಪ್ಪೆ ಹಿಂಡಿ ಮೀನಿಗೆ ವಿಷ. ಸಾಕುವ ಹೊಂಡದಲ್ಲಿ ಬೇಡದ ಮೀನುಗಳನ್ನು ಸಾಯಿಸಲು ಮೀನು ಸಾಕಣೆಯವರು ಬೇಕೆಂದೇ ಹೆಕ್ಟೇರಿಗೆ 2,000ದಿಂದ 2,500 ಕಿಲೋ ಲೆಕ್ಕದಲ್ಲಿ ಹಾಕುವ ವಸ್ತು ಅದು, ಅದರಲ್ಲಿರುವ ಸಪೋನಿನ್ ಮೀನಿನ ರಕ್ತಕಣಗಳನ್ನು ಒಡೆಯುತ್ತದೆ. ಹೊಂಗೆ ಹಿಂಡಿ, ಬೇವಿನ ಹಿಂಡಿ ತೋಟಕ್ಕೆ ಸರಿ, ಕೆರೆಗೆ ಬೇಡ. ಅಂಗಡಿಯಲ್ಲಿ ಕೊಳ್ಳುವಾಗ ಯಾವ ಹಿಂಡಿ ಅಂತ ಕೇಳಿ ಖಾತ್ರಿ ಮಾಡಿಕೊಳ್ಳಿ.

ಲಕ್ಷಣ: ಕೆರೆ ಪೂರಾ ಅಂತರಗಂಗೆ, ಗಾಳ ಬಿಡಲು ಜಾಗವೇ ಇಲ್ಲ

ಕೆನಡಾ, ಫಿನ್‌ಲೆಂಡಿನಂಥ ಹಿಮದ ನಾಡಿನವರು ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆದುಹೋಗಿ, ಮಂಜುಗಡ್ಡೆಯಲ್ಲಿ ತೂತು ಕೊರೆದು, ಆ ತೂತಿನೊಳಗೆ ಗಾಳ ಇಳಿಬಿಟ್ಟು ಕೂರುತ್ತಾರೆ. ನಮ್ಮ ಕೆರೆಗಳ ಮೇಲಿನ ಹಸಿರು ಹೊದಿಕೆಯೂ ಗಾಳದ ಮಟ್ಟಿಗೆ ಅದೇ ಗಡ್ಡೆ: ಮೀನು ಕೆಳಗಿದೆ, ಕಾಣುವುದಿಲ್ಲ, ನೀವು ತೆರೆದ ತೂತಿಗೆ ಅದನ್ನು ಬರಮಾಡಿಕೊಳ್ಳಬೇಕು. ಒಂದೇ ವ್ಯತ್ಯಾಸ, ಅವರ ಗಡ್ಡೆ ದಪ್ಪಗಿದ್ದರೆ ಆಳಿನ ಭಾರ ತಡೆಯುತ್ತದೆ. ನಮ್ಮದರ ಮೇಲೆ ಕಾಲಿಟ್ಟರೆ ಸೀದಾ ಒಳಕ್ಕೆ.

ತೂತು ತೆರೆಯಲು ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಗಿಂತ ಒಳ್ಳೆಯ ಸಾಧನ ಇಲ್ಲ. ಹಳೇ ಮನೆಗಳ ಅಟ್ಟದಲ್ಲಿ ತುಕ್ಕು ಹಿಡಿದು ಬಿದ್ದಿರುತ್ತದೆ, ಕೇಳಿದರೆ ಕೊಡುತ್ತಾರೆ. ಗಟ್ಟಿ ಹಗ್ಗ ಕಟ್ಟಿ ದಡದಿಂದಲೇ ಎಸೆದು ಎಳೆಯಿರಿ. ಸುತ್ತಲೂ ಒಂದು ಮಾರಿನಷ್ಟು ಬಯಲಾದರೆ ಸಾಕು. ಪೂರ್ತಿ ಬಯಲು ಮಾಡಿದರೆ ನೆರಳು ಹೋಗಿ, ಮೀನು ಅಲ್ಲಿ ನಿಲ್ಲುವ ಕಾರಣವೇ ಇಲ್ಲದಾಗುತ್ತದೆ. ಕಿತ್ತ ಕಳೆಯನ್ನು ದಡಕ್ಕೆ ಹಾಕಿ, ವಾಪಸು ನೀರಿಗೆ ತಳ್ಳಬೇಡಿ.

ಈ ಕೆಲಸ ಹಿಂದಿನ ಸಂಜೆಯೇ ಮುಗಿದಿರಬೇಕು. ಎಳೆದಾಟಕ್ಕೆ ತಳ ಕದಡಿ ಮೀನು ಓಡಿರುತ್ತದೆ. ರಾತ್ರಿ ಕಳೆಯುವಷ್ಟರಲ್ಲಿ ನೀರು ತಿಳಿಯಾಗಿ, ಕಳೆಯ ಬೇರಿನಿಂದ ಉದುರಿದ ಹುಳು, ಸೀಗಡಿ ಮರಿ, ಬಸವನಹುಳು ತಿನ್ನಲು ಮೀನು ತಾನಾಗಿ ಬಂದಿರುತ್ತದೆ. ಅಂದರೆ ಅರ್ಧ ಮೇವು ಪುಕ್ಕಟೆ.

ತೂತಿಗೆ ಮೇವು ಹಾಕುವಾಗ ಇನ್ನೂ ಕಡಿಮೆ, ನಿಂಬೆ ಗಾತ್ರದ ಒಂದೇ ಉಂಡೆ. ಎರೆಯನ್ನು ಸುಮ್ಮನೆ ತೂಗುಬಿಡುವ ಬದಲು ಎರಡು ಮೂರು ನಿಮಿಷಕ್ಕೊಮ್ಮೆ ಒಂದು ಗೇಣು ಮೇಲೆತ್ತಿ ತಾನಾಗಿ ಇಳಿಯಲು ಬಿಡಿ. ಮಂಜುಗಡ್ಡೆಯ ತೂತಿನವರು ಮಾಡುವುದೂ ಇದನ್ನೇ. ನೆರಳಲ್ಲಿರುವ ಮೀನಿಗೆ ಅಲುಗಾಟ ಬೇಗ ಕಣ್ಣಿಗೆ ಬೀಳುತ್ತದೆ. ಜಿಲೇಬಿ ಹೀಗೆ ಇಳಿಯುವ ಎರೆಗೆ ಹೆಚ್ಚಾಗಿ ಬಾಯಿ ಹಾಕುತ್ತದೆ. ತೂತಿನ ಅಂಚಿನಲ್ಲಿ ಕೊರಮೀನು ಹೊಂಚು ಹಾಕಿರುವುದೂ ಉಂಟು. ಅದು ಆಗಾಗ ಮೇಲೆ ಬಂದು ಗಾಳಿ ನುಂಗುವ ಮೀನು, ತೂತಿನಲ್ಲಿ ಪಳಕ್ ಎಂದು ಒಂದು ಉಂಗುರ ಎದ್ದು ಮಾಯವಾದರೆ ಅದೇ ಇರಬಹುದು. ಅದಕ್ಕೆ ಮುದ್ದೆ ನಡೆಯದು, ರಬ್ಬರ್ ಕಪ್ಪೆ ಎಳೆದು ನೋಡಿ. ಜೀವಂತ ಕಪ್ಪೆ ಕಟ್ಟುವುದು ಬೇಡ. ನೀರಿನ ಮೇಲೆ ಕೆಂಪಗೆ ಮರಿಗಳ ಗುಂಪು ಕುದಿಯುವಂತೆ ಕಂಡರೆ ಕೆಳಗೆ ತಾಯಿ ತಂದೆ ಕಾವಲಿವೆ. ಅವನ್ನು ಹಿಡಿದರೆ ಮರಿಗಳೆಲ್ಲ ಬೇರೆ ಮೀನಿನ ಹೊಟ್ಟೆಗೆ. ಆ ತೂತು ಬಿಟ್ಟುಬಿಡಿ.

ಲಕ್ಷಣ: ಮೀನು ಕಣ್ಣೆದುರೇ ಇದೆ, ಎರೆ ಮಾತ್ರ ಮುಟ್ಟುತ್ತಿಲ್ಲ

ಹೊತ್ತು ಎಷ್ಟು ನೋಡಿ. ಬೆಳಗಿನ ಜಾವ ಮೀನುಗಳು ಸಾಲಾಗಿ ಮೇಲೆ ಬಂದು ಬಾಯಿ ಪಚಪಚ ಬಡಿಯುತ್ತಿದ್ದರೆ ಹಸಿವಿಗಲ್ಲ, ಉಸಿರಿಗೆ. ರಾತ್ರಿಯಿಡೀ ಪಾಚಿ, ಕಳೆ, ಮೀನು ಎಲ್ಲವೂ ಆಮ್ಲಜನಕ ಬಳಸಿಕೊಂಡು ಸೂರ್ಯ ಹುಟ್ಟುವ ಹೊತ್ತಿಗೆ ಅದು ತೀರಾ ಕೆಳಗಿಳಿದಿರುತ್ತದೆ. ಹಿಂದಿನ ದಿನ ಮೋಡವಿದ್ದರೆ ಇನ್ನೂ ಕಷ್ಟ. ಹಸಿರು ಬಣ್ಣಕ್ಕೆ ತಿರುಗಿದ ಕೆರೆಗಳಲ್ಲಿ ಇದು ಹೆಚ್ಚು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ತುಂಬುತ್ತಿರುವ ಕೋಲಾರದ ಕೆರೆಗಳು, ಎಚ್.ಎನ್. ವ್ಯಾಲಿಯ ನೀರು ಬರುವ ಚಿಕ್ಕಬಳ್ಳಾಪುರದ ಕೆರೆಗಳಲ್ಲೂ ಗಮನಿಸಿ. ಇಂಥ ನೀರಿನಲ್ಲಿ ಉಳಿದಿರುವ ಸಾರಜನಕ, ರಂಜಕ ಪಾಚಿಗೆ ಗೊಬ್ಬರವಾಗುತ್ತದೆ. ಈ ಹೊತ್ತಿನಲ್ಲಿ ಮೇವು ಹಾಕಿದರೆ ಕಷ್ಟದಲ್ಲಿರುವ ಮೀನಿಗೆ ಇನ್ನಷ್ಟು ಕಷ್ಟ. ಬಿಸಿಲು ಬಿದ್ದು ಒಂದೆರಡು ಗಂಟೆ ಕಳೆಯಲಿ, ಪಾಚಿ ಮತ್ತೆ ಆಮ್ಲಜನಕ ಬಿಡಲು ಶುರು ಮಾಡಿದ ಮೇಲೆ ಮೀನು ಕೆಳಗಿಳಿದು ಮೇಯುತ್ತದೆ. ಒಂಬತ್ತು ಹತ್ತಾದರೂ ಬಾಯಿ ಬಡಿಯುವುದು ನಿಲ್ಲದಿದ್ದರೆ, ಅಥವಾ ಹೊಟ್ಟೆ ಮೇಲಾಗಿ ತೇಲುವ ಮೀನು ಕಂಡರೆ, ಗಾಳ ಸುತ್ತಿಕೊಂಡು ಗುತ್ತಿಗೆದಾರರಿಗೆ ಫೋನ್ ಮಾಡಿ. ಆ ಮೀನನ್ನು ಮನೆಗೆ ಒಯ್ಯಬೇಡಿ.

ಮಧ್ಯಾಹ್ನ ದೊಡ್ಡ ಕಾಟ್ಲಾ ಮೇಲ್ಮೈಯಲ್ಲಿ ಬೆನ್ನು ತೋರಿಸುತ್ತ ಓಡಾಡುತ್ತಿದ್ದರೆ ಅದು ಸೂಕ್ಷ್ಮಜೀವಿ ಸೋಸುತ್ತಿದೆ. ನಿಮ್ಮ ಉಂಡೆ ಅದಕ್ಕೆ ಬೇಕಿಲ್ಲ. ಸಡಿಲವಾದ ತೌಡಿನ ಮೇವನ್ನು ಮೇಲ್ಪದರದಲ್ಲೇ ಮೋಡದಂತೆ ಹರಡಿ, ಅದರೊಳಗೆ ಎರಡು ಮೊಳ ಆಳಕ್ಕೆ ಎರೆ ಬಿಟ್ಟರೆ ಒಮ್ಮೊಮ್ಮೆ ಎಳೆದುಕೊಳ್ಳುತ್ತದೆ.

ಲಕ್ಷಣ: ಬೆಂಡು ಮಿಡುಕುತ್ತಲೇ ಇರುತ್ತದೆ, ಎತ್ತಿದರೆ ಎರೆ ಖಾಲಿ

ಪುಡಿ ಮೀನು ಅಥವಾ ಜಿಲೇಬಿ ಮರಿ. ನಿಮ್ಮ ಗಾಳ ಅವುಗಳ ಬಾಯಿಗಿಂತ ದೊಡ್ಡದು. ಅವೇ ಬೇಕಾದರೆ 10 ಅಥವಾ 12ನೇ ನಂಬರಿನ ಗಾಳ ಹಾಕಿ. ನಂಬರು ಏರಿದಷ್ಟೂ ಗಾಳ ಚಿಕ್ಕದಾಗುತ್ತದೆ, ಅಂಗಡಿಯಲ್ಲಿ ಇದು ತಿಳಿಯದೆ ತಿರುಗುಮುರುಗು ತರುವವರಿದ್ದಾರೆ. ದೊಡ್ಡ ಮೀನೇ ಬೇಕಾದರೆ ಎರೆ ಗಟ್ಟಿ ಮಾಡಿ: ಮುದ್ದೆಗೆ ಸ್ವಲ್ಪ ಮೈದಾ ಸೇರಿಸಿ ನಾದಿ, ಇಲ್ಲವೇ ಜೋಳದ ಕಾಳು ಕಟ್ಟಿ. ಬೆಂಡು ನಿಧಾನಕ್ಕೆ ಒಂದೇ ಕಡೆ ಜರುಗಿ, ಎತ್ತಿದರೆ ಭಾರವಿದ್ದು ಅರ್ಧದಲ್ಲಿ ಬಿಟ್ಟುಹೋದರೆ ಅದು ಏಡಿ. ತಳದಿಂದ ಒಂದು ಗೇಣು ಮೇಲೆ ನಿಲ್ಲಿಸಿ, ಏಡಿ ಕಾಟ ತಪ್ಪುತ್ತದೆ.

ಲಕ್ಷಣ: ಬೆಂಡು ಮುಳುಗುತ್ತದೆ, ಎಳೆದರೆ ಏನೂ ಇಲ್ಲ

ಗಾಳದ ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಒತ್ತದೆ ಎಳೆದು ನೋಡಿ. ಕಚ್ಚಿ ಗೀರು ಬಿಟ್ಟರೆ ಚೂಪು. ಜಾರಿದರೆ ಮೊಂಡು, ಬದಲಿಸಿ. ಎರೆ ಮೊನೆಯನ್ನು ಪೂರಾ ಮುಚ್ಚಿ ಗಟ್ಟಿಯಾಗಿ ಕೂತಿದ್ದರೂ ಇದೇ ಆಗುತ್ತದೆ, ಮೊನೆ ಚೂರು ಹೊರಗಿರಲಿ. ಮೊನೆ, ಎರೆ ಎರಡೂ ಸರಿಯಿದ್ದರೆ ಎಳೆಯುವ ಹೊತ್ತು ತಪ್ಪಿದೆ. ಬೆಂಡು ನಡುಗುವಾಗ ಎಳೆಯಬೇಡಿ, ಓರೆಯಾಗಿ ಜಾರಿ ಒಳಗೆ ಹೋಗುವಾಗ ಎಳೆಯಿರಿ. ನಿಂತಿದ್ದ ಬೆಂಡು ಮೇಲೆದ್ದು ಅಡ್ಡ ಮಲಗಿದರೆ ತಳದ ಮೀನು ಎರೆಯನ್ನೂ ದಾರಕ್ಕೆ ಕಟ್ಟಿದ ಸೀಸದ ತೂಕವನ್ನೂ ಎತ್ತಿದೆ. ಬಹಳ ಜನ ಅದನ್ನು ಗಾಳಿ ಅಂದುಕೊಂಡು ಸುಮ್ಮನಿರುತ್ತಾರೆ. ಎಳೆಯಬೇಕಾದದ್ದು ಆಗಲೇ.

ಲಕ್ಷಣ: ಸಿಕ್ಕಿದ್ದು ದಾರ ಹರಿದುಕೊಂಡು ಹೋಯಿತು

ಹರಿದ ತುದಿಯನ್ನು ಬಿಸಾಡಬೇಡಿ, ನೋಡಿ. ತುದಿ ಹಂದಿ ಬಾಲದ ಹಾಗೆ ಸುರುಳಿಯಾಗಿದ್ದರೆ ಗಂಟು ಜಾರಿದೆ. ನೈಲಾನ್ ದಾರದ ಗಂಟನ್ನು ಬಿಗಿಯುವ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಿ, ಒಣಗಿದ್ದಾಗ ಬಿಗಿದರೆ ಉಜ್ಜಿದ ಬಿಸಿಗೆ ದಾರ ಸೊರಗುತ್ತದೆ. ತುದಿಯ ಮುಂಚಿನ ಒಂದು ಗೇಣು ಒರಟಾಗಿ ಬೆಳ್ಳಗಾಗಿದ್ದರೆ ಏರಿಯ ಕಲ್ಲಿಗೆ ತಿಕ್ಕಿದೆ, ಅಷ್ಟುದ್ದ ಕತ್ತರಿಸಿ ಮತ್ತೆ ಕಟ್ಟಿ. ಗಂಟಿಲ್ಲದ ಕಡೆ, ನಡುದಾರದಲ್ಲಿ, ಸುಮ್ಮನೆ ಕೈಯಲ್ಲಿ ಎಳೆದರೂ ಪಟ್ ಎಂದರೆ ದಾರ ಬಿಸಿಲಿಗೆ ಸತ್ತಿದೆ. ಹೊಸದು ತನ್ನಿ. ಹಳೇ ದಾರವನ್ನು ದಡದಲ್ಲಿ ಬಿಡಬೇಡಿ, ಕೊಕ್ಕರೆ, ನೀರುಕಾಗೆಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.

ಲಕ್ಷಣ: ಹೋದ ವಾರ ಸಿಕ್ಕಿತ್ತು, ಅದೇ ಜಾಗ, ಅದೇ ಎರೆ, ಈ ವಾರ ಇಲ್ಲ

ಮೊದಲು ಕೇಳಬೇಕಾದದ್ದು ಗುತ್ತಿಗೆದಾರರು ಬಲೆ ಎಳೆದರಾ ಅಂತ. ಎಳೆದಿದ್ದರೆ ಒಂದೆರಡು ದಿನ ಮೀನು ಹೆದರಿ ಆಳದಲ್ಲಿರುತ್ತದೆ. ಎರಡನೆಯದು ಚಳಿ. ಧನುರ್ಮಾಸದ ಬೆಳಗಿನ ನೀರಿನಲ್ಲಿ ಗೆಂಡೆ ಜಾತಿ ಮಂದವಾಗುತ್ತದೆ, ಮೇವು ಕಡಿಮೆ ಮಾಡಿ, ಎರೆ ಚಿಕ್ಕದು ಮಾಡಿ, ಹನ್ನೊಂದರ ಮೇಲೆ ಕೂತು ನೋಡಿ. ಮೂರನೆಯದು ಹೊಸ ನೀರು. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳದಲ್ಲಿ ಕೆಂಪು ನೀರು ಬಂದರೆ ಮೀನು ಆ ಹರಿವಿಗೆ ಎದುರು ಏರುತ್ತದೆ. ನಿಮ್ಮ ಹಳೇ ಜಾಗ ಖಾಲಿಯಾಗಿರುತ್ತದೆ. ಎದುರೇರುವ ಮೀನು ಮೊಟ್ಟೆ ತುಂಬಿಕೊಂಡದ್ದು, ಅದನ್ನು ಹಿಡಿಯದಿದ್ದರೆ ಮುಂದಿನ ವರ್ಷಕ್ಕೆ ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ.

ಕೈ ಬಿಡಬೇಕಾದ ಹೊತ್ತು

ಆಳ, ಜಾಗ, ಮೇವು, ಎರೆ ನಾಲ್ಕನ್ನೂ ಬದಲಿಸಿ ನೋಡಿ, ಎರಡು ಮೂರು ಹೊತ್ತು ಬೆಂಡು ಒಮ್ಮೆಯೂ ಮಿಡುಕದಿದ್ದರೆ ಆ ಕೆರೆಯಲ್ಲಿ ಈಗ ಮೀನು ಇಲ್ಲದೇ ಇರಬಹುದು. ಬೇಸಿಗೆಯಲ್ಲಿ ಬತ್ತಿ, ಮರಿ ಬಿಡದೆ ತುಂಬಿದ ಕೆರೆಗಳು ನಮ್ಮಲ್ಲಿ ಎಷ್ಟೋ ಇವೆ. ಗುತ್ತಿಗೆದಾರರನ್ನು ಕೇಳಿದರೆ ಒಂದೇ ಮಾತಿನಲ್ಲಿ ತೀರುತ್ತದೆ. ಹತಾಶೆಗೆ ಕರೆಂಟು ಬಿಡುವುದು, ತೋಟೆ ಸಿಡಿಸುವುದು ಬೇಡವೇ ಬೇಡ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೇ ಅಪರಾಧ, ಕರೆಂಟು ಬಿಡಲು ಹೋಗಿ ತಾವೇ ಸತ್ತವರೂ ಇದ್ದಾರೆ.

ಸಿಕ್ಕಿಕೊಂಡ ಗಾಳ ಬಿಡಿಸಲು ನೀರಿಗಿಳಿಯಬೇಡಿ. ಇಟ್ಟಿಗೆಗೆ, ಲೇಔಟಿಗೆ ಮಣ್ಣು ತೆಗೆದ ಗುಂಡಿಗಳು ನೀರಿನಡಿ ಕಾಣುವುದಿಲ್ಲ, ಅಂಚು ನೇರ ಗೋಡೆ, ಈಜು ಬಂದರೂ ಹೂಳು ಕಾಲು ಹಿಡಿಯುತ್ತದೆ. ತೂಬು ತೆಗೆದಿರುವಾಗ ಅದರ ಹತ್ತಿರ ನೀರು ಒಳಕ್ಕೆ ಸೆಳೆಯುತ್ತದೆ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಗೆ ಹೋಗುವವರು ಇನ್ನೂ ಜೋಕೆ: ಶಿಂಷಾ ನದಿಯ ಆ ಜಲಾಶಯದಲ್ಲಿ ಸೈಫನ್ ಇದೆ. ನೀರು ಮಟ್ಟ ಮುಟ್ಟಿದೊಡನೆ ಯಾರೂ ಗೇಟು ಎತ್ತದೆ ತಾನೇ ಧುಮುಕುತ್ತದೆ, ಕೆಳಗೆ ನಿಂತವರಿಗೆ ಓಡಲು ಹೊತ್ತು ಸಿಗುವುದಿಲ್ಲ.

ಕಾರ್ಬನ್ ಗಾಳದ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ. ಕೆರೆ ದಾಟುವ ತಂತಿಯ ಕೆಳಗೆ ಅದನ್ನು ಎತ್ತಬೇಡಿ, ಬೀಸಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಕೇಳಿದ ಕೂಡಲೇ ಕೋಲು ಕೆಳಗಿಟ್ಟು ಏರಿಯಿಂದ ಇಳಿಯಿರಿ, ಒಂಟಿ ಹುಣಸೆಮರದಡಿ ನಿಲ್ಲದೆ ಕಟ್ಟಡಕ್ಕೋ ಕಾರಿಗೋ ಸೇರಿಕೊಳ್ಳಿ. ಕೊನೇ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೆ ವಾಪಸು ಬನ್ನಿ.

ಚೇಳುಮೀನು ಸಿಕ್ಕರೆ ಬರಿಗೈಲಿ ಹಿಡಿಯಬೇಡಿ, ಬಟ್ಟೆ ಸುತ್ತಿ ಕಟಿಂಗ್ ಪ್ಲೇಯರ್‌ನಲ್ಲಿ ಗಾಳ ಬಿಡಿಸಿ. ಎದೆ ಪಕ್ಕದ ಅದರ ಮುಳ್ಳಿನಲ್ಲಿ ವಿಷವಿದೆ, ಚುಚ್ಚಿದರೆ ಉರಿ ತಡೆಯಲಾಗದು. ತಡೆದುಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ, ಸುಡದಂತೆ ನೋಡಿಕೊಂಡು, ಕೈಯನ್ನು ಅರ್ಧ ಗಂಟೆಗೂ ಹೆಚ್ಚು ಹೊತ್ತು ಇಟ್ಟರೆ ಉರಿ ಇಳಿಯುತ್ತದೆ. ಊತ ಏರುತ್ತಿದ್ದರೆ, ಉಸಿರು ಕಟ್ಟಿದಂತಾದರೆ ಕಾಯದೆ ಆಸ್ಪತ್ರೆಗೆ ಹೋಗಿ. ಗಾಳವೇ ಕೈಗೆ ಚುಚ್ಚಿ ಅದರ ಅಡ್ಡಮುಳ್ಳು ಚರ್ಮದೊಳಗೆ ಹೋಗಿದ್ದರೆ ಹಿಂದಕ್ಕೆ ಕಿತ್ತು ಎಳೆಯಬೇಡಿ, ದಾರ ಕತ್ತರಿಸಿ ಹಾಗೇ ಹೋಗಿ ತೆಗೆಸಿಕೊಳ್ಳಿ. ಕಣ್ಣು, ಕುತ್ತಿಗೆ, ಗೆಣ್ಣಿನ ಹತ್ತಿರವಾದರೆ ಮುಟ್ಟಲೂ ಬೇಡಿ. ಕೆರೆ ನೀರು ತಾಗಿದ ಗಾಯ ಅದು, ಟಿ.ಟಿ. ಇಂಜೆಕ್ಷನ್ ಯಾವಾಗ ಹಾಕಿಸಿದ್ದು ಅಂತ ಡಾಕ್ಟರಿಗೆ ಹೇಳಿ.